ಅಪ್‌ಡೇಟ್: ಯುವಜನ ಸಂಘದ ಅಣ್ಣನ ಬಗ್ಗೆ ಕೊನೆಗೆ ಮಾತನಾಡಿದೆ

ಹರೆಯದಲ್ಲಿ ನಮಗೆ ದಾರಿ ತೋರಿಸಿದ ಅಣ್ಣ ತೀರಿಕೊಂಡಿದ್ದಾರೆ, ಮಂಗಳೂರಿನ ನಮ್ಮ ಚರ್ಚಿನ ಸ್ಮರಣಾರಾಧನೆಯಲ್ಲಿ ಅವರನ್ನು ಗುರುವೆಂದು ನೆನೆಯಲೇ, ಗೆಳೆಯನೆಂದು ನೆನೆಯಲೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆ. ‘ಗುಣಗಾನ ಬೇಡ, ಅವರು ಮಾಡುತ್ತಿದ್ದುದನ್ನು ಹೇಳಿ’ ಎಂಬ ಸಲಹೆಯನ್ನೇ ಹಿಡಿದೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ನೆಲೆಯಾಗಿದ್ದ ಬಲ್ಮಠದಿಂದ ಶುರು ಮಾಡಿದೆ. ಹೈಸ್ಕೂಲು ಹುಡುಗರಾದ ನಮ್ಮನ್ನು ಅವರು ಅಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು, 1843ರಲ್ಲಿ ಆ ಮಿಷನ್ನಿನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಇದೇ ಊರಿನಲ್ಲಿ ಅಚ್ಚಾದದ್ದು, ಎಲ್ಲವನ್ನೂ ಮನೆಯ ಹಿರಿಯರ ಸುದ್ದಿಯಂತೆ ಹೇಳುತ್ತಿದ್ದರು. ಕನ್ನಡದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲೇ. ಇಷ್ಟನ್ನು ಯಾವ ಶಾಲೆಯೂ ನನಗೆ ಕೊಡಲಿಲ್ಲ.

ಗೆಳೆತನ ಬೆಳೆದದ್ದು ಮುಂದೆ, ಗಾಯನ ಮಂಡಳಿಯಲ್ಲಿ ಪಕ್ಕಪಕ್ಕ ನಿಂತಾಗ. ಕೀರ್ತನೆಯ ಪುಸ್ತಕದಲ್ಲಿ ಉಸಿರೆಳೆಯಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು, ಪುಸ್ತಕವನ್ನು ನನ್ನ ಕಡೆಗೂ ವಾಲಿಸಿ ಹಿಡಿಯುತ್ತಿದ್ದರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮನೆಯ ಕಷ್ಟವೊಂದನ್ನು ಹೇಳಿಕೊಂಡು, ‘ನೀನಾದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿದರು. ಅಂದಿನಿಂದ ನಾವು ಸಮಾನರು. ಆದರೂ ನನಗೆ ಅವರು ಕೊನೆಯವರೆಗೂ ಅಣ್ಣನೇ.

ಇದನ್ನೆಲ್ಲ ಹೇಳುವಾಗ ಗಂಟಲು ಕಟ್ಟಿತು. ಸಭಾಪಾಲಕರು ನೀರು ಕೊಟ್ಟರು, ಮುಂದುವರಿಸಿದೆ. ಆಮೇಲೆ ಅಣ್ಣನ ಹೆಂಡತಿ ನನ್ನ ಕೈಹಿಡಿದು, ‘ಬಲ್ಮಠದ ವಿಷಯ ಹೇಳಿದೆಯಲ್ಲ, ಒಳ್ಳೆಯದಾಯಿತು’ ಎಂದರು. ಮಳೆಗಾಲ ಮುಗಿದ ಕೂಡಲೇ ಈಗಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.