ಸುಂಡಿಲಿಯ ಶ್ವಾಸಕೋಶದಲ್ಲಿ ಗಾಳಿ ಎಲ್ಲಿ ಹೋಗ್ತಿಲ್ಲ ಅಂತ ತಿಳಿಯೋದು ಹೇಗೆ?

ಎಂ.ಫಾರ್ಮ್ ವಿದ್ಯಾರ್ಥಿನಿ, ಗಂಗಾವತಿ
ನಮಸ್ಕಾರ. ಅಸ್ತಮಾ ಔಷಧಿಗಳ ಮೇಲೆ ಸೆಮಿನಾರ್ ಇದೆ. ಇಲ್ಲಿ ಅಕ್ಕಿ ಗಿರಣಿಗಳು ಜಾಸ್ತಿ, ಸುಗ್ಗಿ ಬಂತಂದ್ರೆ ಭತ್ತದ ಧೂಳಿಗೆ ದಮ್ಮು ಹೆಚ್ಚಾಗಿ ಒದ್ದಾಡುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅದಕ್ಕೇ ಈ ವಿಷಯ ತಗೊಂಡೆ. ಮನುಷ್ಯರಿಗಾದ್ರೆ ಜೋರಾಗಿ ಊದಿಸಿ ಸ್ಪೈರೋಮೆಟ್ರಿ ಮಾಡಬಹುದು. ಸುಂಡಿಲಿಗೆ ಏನು ಮಾಡುತ್ತಾರೆ? ಸ್ಕ್ಯಾನ್ ನಿಜವಾಗಿ ಬೇಕಾ?

ಅನಿಮಲ್ ಹೌಸ್‌ನಲ್ಲಿ ಕೆಲಸ ಮಾಡಿದವನು, ರಾಯಚೂರು
ಬೇಕು ತಂಗಿ. ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಸಣ್ಣ ಕೊಳವೆ ಹಾಕಿ, ವೆಂಟಿಲೇಟರಿನಿಂದ ಗಾಳಿಯನ್ನು ಅಲುಗಿಸಿ, ಆ ಗಾಳಿಗೆ ನಾಳಗಳು ಒಡ್ಡುವ ಪ್ರತಿರೋಧ ಅಳೆಯುತ್ತಾರೆ. ಮೆಥಾಕೋಲಿನ್ ಕೊಟ್ಟರೆ ನಾಳಗಳು ಬಿಗಿಯುತ್ತವೆ, ಸಂಖ್ಯೆ ಏರುತ್ತದೆ. ಆದರೆ ಸಿಗೋದು ಇಡೀ ಶ್ವಾಸಕೋಶದ ಲೆಕ್ಕ. ಅಸ್ತಮಾದಲ್ಲಿ ಒಂದು ನಾಳ ಪೂರ್ತಿ ಮುಚ್ಚಿರುತ್ತದೆ, ಪಕ್ಕದ್ದು ತೆರೆದಿರುತ್ತದೆ. ಎಡದಂಡೆ ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಗೊತ್ತಾದರೆ ಸಾಕಾ, ಕೊನೆ ಭಾಗದ ಹೊಲಕ್ಕೆ ನೀರು ಬಂತಾ ನೋಡಬೇಡವಾ?

ನನಗೆ ತುಂಬಾ ಇಷ್ಟವಾದ ಕೆಲಸ ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ, ತುಂಬಾ ತೀಕ್ಷ್ಣ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರವಾದ ಸಿಂಕ್ರೋಟ್ರಾನ್‌ನದ್ದು. ಮೊಟ್ಟೆಯ ಬಿಳಿಭಾಗದ ಓವಾಲ್ಬುಮಿನ್‌ಗೆ ಅಲರ್ಜಿ ಬರಿಸಿದ ಮೊಲಗಳಿಗೆ ಕ್ಸೆನಾನ್ ಅನಿಲ ಉಸಿರಾಡಿಸಿ, 34.56 ಕಿಲೋಎಲೆಕ್ಟ್ರಾನ್‌ವೋಲ್ಟ್‌ ಶಕ್ತಿಗಿಂತ ತುಸು ಮೇಲೆ ಒಂದು, ತುಸು ಕೆಳಗೆ ಒಂದು ಎಕ್ಸ್‌ರೇ ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಆ ಶಕ್ತಿ ದಾಟಿದ ಕೂಡಲೇ ಎಕ್ಸ್‌ರೇಯನ್ನು ದಿಢೀರ್ ಹೆಚ್ಚು ಹೀರೋದು ಕ್ಸೆನಾನ್ ಮಾತ್ರ, ಅದಕ್ಕೇ ಮೂಳೆ, ಮಾಂಸ ಎಲ್ಲಾ ಹೋಗಿ ಅದೊಂದೇ ಉಳಿಯುತ್ತದೆ. ಗಾಳಿ ಹೋಗದ ಜಾಗ ಖಾಲಿ ಕಾಣುತ್ತದೆ.

ಎದೆರೋಗ ವೈದ್ಯೆ, ಬಳ್ಳಾರಿ
ಸಾಮಾನ್ಯ ಎಂಆರ್‌ಐನಲ್ಲಿ ಶ್ವಾಸಕೋಶ ಸರಿಯಾಗಿ ಕಾಣೋದಿಲ್ಲ, ಒಳಗೆ ಇರೋದೇ ಗಾಳಿ. ಹೈಪರ್‌ಪೋಲರೈಸ್ ಮಾಡಿದ, ಅಂದ್ರೆ ಎಂಆರ್‌ಐಗೆ ಜೋರಾಗಿ ಕಾಣುವಂತೆ ಪರಮಾಣುಗಳನ್ನು ಸಜ್ಜುಗೊಳಿಸಿದ, ಹೀಲಿಯಂ-3 ಅಥವಾ ಕ್ಸೆನಾನ್-129 ಕೊಟ್ಟರೆ ಆ ಅನಿಲವೇ ಸಿಗ್ನಲ್ ಕೊಡುತ್ತದೆ. ಕ್ಸೆನಾನ್-129 ಎಂಆರ್‌ಐಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಕೊಟ್ಟಿದೆ. ಅಂದ್ರೆ ಪ್ರಾಣಿಯಲ್ಲೂ ರೋಗಿಯಲ್ಲೂ ಒಂದೇ ಬಗೆಯ ಚಿತ್ರ ಹೋಲಿಸಿ ನೋಡಬಹುದು, ಇದು ನನಗೆ ದೊಡ್ಡ ವಿಷಯ.

ಒಂದು ಮಾತು ಮರೀಬೇಡಮ್ಮ. ಸುಂಡಿಲಿಗೆ ತಾನಾಗಿ ಅಸ್ತಮಾ ಬರೋದಿಲ್ಲ, ನಾವೇ ಬರಿಸಬೇಕು. ಓವಾಲ್ಬುಮಿನ್ ಬಹಳ ದಿನ ಕೊಟ್ಟರೆ ಇಲಿಗೆ ಅದು ಒಗ್ಗಿಬಿಡುತ್ತದೆ, ಅಲರ್ಜಿ ಇಳಿಯುತ್ತದೆ. ಅದಕ್ಕೆ ಈಗ ಮನೆಧೂಳಿನ ನುಸಿಯ ಸಾರವನ್ನು ಮೂಗಿಗೆ ಹಾಕುವುದು ಹೆಚ್ಚು.

ಎಂ.ಫಾರ್ಮ್ ವಿದ್ಯಾರ್ಥಿನಿ, ಗಂಗಾವತಿ
ತುಂಬಾ ಥ್ಯಾಂಕ್ಸ್ ಮೇಡಂ, ಅಣ್ಣಾ. ಅದೇ ಸುಂಡಿಲಿಯನ್ನು ಔಷಧಿಗೆ ಮುಂಚೆ, ಆಮೇಲೆ ಎರಡೂ ಸಲ ಸ್ಕ್ಯಾನ್ ಮಾಡಬಹುದಾ?

ಅನಿಮಲ್ ಹೌಸ್‌ನಲ್ಲಿ ಕೆಲಸ ಮಾಡಿದವನು, ರಾಯಚೂರು
ಸಣ್ಣ ಪ್ರಾಣಿಗಳಿಗಂತಲೇ ಇರುವ ಸಿಟಿ ಸ್ಕ್ಯಾನ್, ಮೈಕ್ರೋ ಸಿಟಿಯಲ್ಲಿ ಮಾಡುತ್ತಾರೆ. ಪ್ರಾಣಿಗಳೂ ಕಡಿಮೆ ಸಾಕು. ಆದರೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಉಸಿರಾಡುತ್ತದೆ, ಉಸಿರಿಗೆ ಹೊಂದಿಸಿ ತೆಗೆಯದಿದ್ದರೆ ಚಿತ್ರ ಮಸುಕು. ವಿಕಿರಣದ ಡೋಸ್ ಕೂಡ ಲೆಕ್ಕ ಇಡಬೇಕು. ಸ್ಲೈಡ್‌ನಲ್ಲಿ ಪ್ರತಿರೋಧದ ಗ್ರಾಫ್ ಪಕ್ಕದಲ್ಲೇ ಚಿತ್ರಗಳನ್ನೂ ಹಾಕು, ಮೆಥಾಕೋಲಿನ್‌ಗೆ ಮುಂಚಿನದೊಂದು, ಆಮೇಲಿನದೊಂದು.