ರಕೂನ್ ಬೇಟೆಯ ನಾಯಿಗಳು: ಪಶುವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಪಶುವೈದ್ಯರು: ಎಲ್ಲರಿಗೂ ನಮಸ್ಕಾರ. ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಹಲವು ವರ್ಷಗಳಿಂದ ಒಹಾಯೊದ ಆಗ್ನೇಯ ಭಾಗದ ಹಳ್ಳಿಗಾಡಿನಲ್ಲಿ ವೃತ್ತಿ ನಡೆಸುತ್ತಿದ್ದೇನೆ. ನನ್ನಲ್ಲಿಗೆ ಬರುವ ನಾಯಿಗಳಲ್ಲಿ ಬಹುಪಾಲು ಕೂನ್‌ಹೌಂಡ್‌ಗಳೇ. ಇವು ರಾತ್ರಿ ವಾಸನೆ ಹಿಡಿದು ರಕೂನನ್ನು, ಅಂದರೆ ಮುಖದ ಮೇಲೆ ಕಪ್ಪು ಪಟ್ಟಿಯಿರುವ ಅಮೆರಿಕದ ಒಂದು ನಿಶಾಚರ ಕಾಡುಪ್ರಾಣಿಯನ್ನು, ಮರ ಹತ್ತಿಸಿ, ಒಡೆಯ ಬರುವ ತನಕ ಮರದ ಬುಡದಲ್ಲಿ ಬೊಗಳುತ್ತ ನಿಲ್ಲುವ ತಳಿಗಳು. ಅಮೆರಿಕದಲ್ಲಿರುವ ಕನ್ನಡಿಗರ ಈ ಗುಂಪಿನಲ್ಲಿ ಇಂಥ ನಾಯಿಗಳನ್ನು ದತ್ತು ತಂದವರೂ ನೆರೆಯವರೊಡನೆ ಬೇಟೆಗೆ ಹೋಗುವವರೂ ಇದ್ದೀರಿ ಎಂದು ನಿರ್ವಾಹಕರು ತಿಳಿಸಿದ್ದಾರೆ. ನಾಯಿಯ ವಯಸ್ಸು, ತೂಕ, ಲಸಿಕೆಯ ವಿವರ ಮತ್ತು ನಿಮ್ಮ ರಾಜ್ಯವನ್ನು ದಯವಿಟ್ಟು ಪ್ರಶ್ನೆಯೊಂದಿಗೇ ಬರೆಯಿರಿ.

ಕೆಂಟಕಿಯ ಸದಸ್ಯೆ: ನಮ್ಮದು ಆಶ್ರಯಧಾಮದಿಂದ ತಂದ ಟ್ರೀಯಿಂಗ್ ವಾಕರ್ ಹೆಣ್ಣುನಾಯಿ. ವಯಸ್ಸು ಸುಮಾರು 3 ವರ್ಷ, ತೂಕ 52 ಪೌಂಡ್. ಹಿತ್ತಲಿನ ಓಕ್ ಮರದ ಕೆಳಗೆ ಗಂಟೆಗಟ್ಟಲೆ ನಿಂತು ಬೊಗಳುತ್ತದೆ. ಇದೇನಾದರೂ ಮಾನಸಿಕ ತೊಂದರೆಯೆ?

ಪಶುವೈದ್ಯರು: ಅಲ್ಲ. ಅದು ಆ ತಳಿಯ ಹುಟ್ಟುಗುಣ. ಸಂಜೆ ದೂರದವರೆಗೆ ನಡೆಸಿ, ವಾಸನೆ ಹುಡುಕುವ ಆಟ ಆಡಿಸಿ.

ನಾಕ್ಸ್‌ವಿಲ್‌ನ ಸದಸ್ಯರು: ಡಾಕ್ಟರೇ, ಟೆನೆಸ್ಸಿಯಿಂದ ಬರೆಯುತ್ತಿದ್ದೇನೆ. ನಮ್ಮ ಬ್ಲೂಟಿಕ್ ಗಂಡುನಾಯಿಗೆ 4 ವರ್ಷ, ತೂಕ 68 ಪೌಂಡ್, ರೇಬೀಸ್ ಲಸಿಕೆ ಕಳೆದ ವರ್ಷ ಆಗಿದೆ. ಪಕ್ಕದ ಮನೆಯ ಹಿರಿಯರು ಅದನ್ನು ವಾರಕ್ಕೆ ಎರಡು ರಾತ್ರಿ ಬೇಟೆಗೆ ಕರೆದೊಯ್ಯುತ್ತಾರೆ. 10 ದಿನಗಳ ಹಿಂದೆ ರಕೂನ್ ಮರದಿಂದ ಕೆಳಗೆ ಬಿದ್ದು, ಎರಡಕ್ಕೂ ಕಚ್ಚಾಟವಾಗಿ ನಾಯಿಯ ಕಿವಿ ಹರಿದಿತ್ತು. ಮೊನ್ನೆಯಿಂದ ಹಿಂಗಾಲುಗಳು ತಡವರಿಸುತ್ತಿದ್ದವು, ಇಂದು ಬೆಳಿಗ್ಗೆ ಮುಂಗಾಲುಗಳೂ ಸೋತಿವೆ. ಬೊಗಳುವ ದನಿ ಕ್ಷೀಣಿಸಿದೆ. ಆದರೆ ಬಾಲ ಆಡಿಸುತ್ತದೆ, ಬಾಯಿಗೆ ಹಿಡಿದರೆ ಊಟವನ್ನೂ ಮಾಡುತ್ತದೆ. ‘ಇನ್ನು ಎದ್ದೇಳುವುದಿಲ್ಲ, ಮುಕ್ತಿ ಕೊಡಿಸಿ’ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಊರಿನಿಂದ ಅಕ್ಕ ಬೆಳ್ಳುಳ್ಳಿ ಎಣ್ಣೆಯ ಮಾಲೀಷು ಮತ್ತು ಬೆಳ್ಳುಳ್ಳಿ ಹಾಲಿನ ಸಂದೇಶ ಕಳಿಸಿದ್ದಾರೆ. ಏನು ಮಾಡಲಿ?

ಪಶುವೈದ್ಯರು: ಮೊದಲ ಮಾತು, ಮುಕ್ತಿ ಕೊಡಿಸುವ ವಿಚಾರವನ್ನು ಇವತ್ತು ಬದಿಗಿಡಿ. ಎರಡನೆಯದು, ಬೆಳ್ಳುಳ್ಳಿಯನ್ನು ಯಾವ ರೂಪದಲ್ಲೂ ಹೊಟ್ಟೆಗೆ ಕೊಡಬೇಡಿ. ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ನೀವು ಬರೆದ ಲಕ್ಷಣಗಳ ಸಾಲು, ಅಂದರೆ ಕಚ್ಚಾಟವಾಗಿ ಒಂದೆರಡು ವಾರದೊಳಗೆ ಹಿಂಗಾಲಿನಿಂದ ಮೇಲಕ್ಕೆ ಏರುವ ಸೋಲು, ಬದಲಾದ ದನಿ, ಆದರೂ ಉಳಿದಿರುವ ಹಸಿವು ಮತ್ತು ಬಾಲದ ಚಲನೆ, ಕೂನ್‌ಹೌಂಡ್ ಪಾರ್ಶ್ವವಾಯು ಎಂದು ಕರೆಯುವ ಕಾಯಿಲೆಗೆ ಬಹಳ ಹತ್ತಿರವಾಗಿದೆ. ರಕೂನಿನ ಜೊಲ್ಲಿನಲ್ಲಿರುವ ಯಾವುದೋ ಅಂಶಕ್ಕೆ ನಾಯಿಯ ರೋಗನಿರೋಧಕ ವ್ಯವಸ್ಥೆ ಕೆರಳಿ, ತನ್ನದೇ ನರಗಳ ಬೇರುಗಳ ಮೇಲೆ ಎರಗುತ್ತದೆ. ಮನುಷ್ಯರಲ್ಲಿ ಕಾಣುವ ಗಿಯಾನ್‌-ಬಾರೆ ಕಾಯಿಲೆಯ ಸೋದರ ಎನ್ನಬಹುದು. ನೋವಿನ ಅರಿವು ಉಳಿದಿರುತ್ತದೆ, ಮುಟ್ಟಿದರೆ ಅತಿಯಾಗಿಯೂ ನೋಯಬಹುದು. ಮೂತ್ರ ಮತ್ತು ಮಲದ ಹಿಡಿತ ಸಾಮಾನ್ಯವಾಗಿ ತಪ್ಪುವುದಿಲ್ಲ.

ಆದರೆ ನಾನು ದೂರದಿಂದ ಊಹಿಸುತ್ತಿದ್ದೇನೆ, ಆದ್ದರಿಂದ ಇತರ ಎರಡು ಸಾಧ್ಯತೆಗಳನ್ನು ಇಂದೇ ತಳ್ಳಿಹಾಕಬೇಕು. ಒಂದು, ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಪಾರ್ಶ್ವವಾಯು. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಅಂಗುಲ ಅಂಗುಲವಾಗಿ ಹುಡುಕಿ. ಒಂದೇ ಒಂದು ಉಣ್ಣೆ ಸಿಕ್ಕು ತೆಗೆದರೂ ಅಮೆರಿಕದಲ್ಲಿ ನಾಯಿ ಒಂದರಿಂದ ಮೂರು ದಿನಗಳಲ್ಲಿ ಎದ್ದು ನಡೆಯುವುದನ್ನು ಕಂಡಿದ್ದೇನೆ. ಇನ್ನೊಂದು ರೇಬೀಸ್. ಲಸಿಕೆ ಆಗಿರುವುದರಿಂದ ಸಾಧ್ಯತೆ ಕಡಿಮೆ. ಆದರೆ ಪೂರ್ವ ಟೆನೆಸ್ಸಿಯ ರಕೂನುಗಳಲ್ಲಿ ರೇಬೀಸ್ ಇದೆ. ದನಿ ಬದಲಾಗುವುದೂ ಕಾಲು ಸೋಲುವುದೂ ಅದರ ಲಕ್ಷಣಗಳೇ. ಕೈಗವಸು ಇಲ್ಲದೆ ಬಾಯಿಯ ಹತ್ತಿರ ಕೈ ಹಾಕಬೇಡಿ, ಕಚ್ಚಾಟದ ದಿನಾಂಕವನ್ನು ವೈದ್ಯರಿಗೆ ಮೊದಲೇ ಹೇಳಿ. ಆ ದಿನವೇ ರೇಬೀಸಿನ ಪೂರಕ ಲಸಿಕೆ ಹಾಕಿಸಬೇಕಿತ್ತು. ಹಾಕಿಸಿದ್ದೀರಾ ಎಂದು ನೀವು ಬರೆದಿಲ್ಲ.

ನಿಜವಾದ ಅಪಾಯವಿರುವುದು ಉಸಿರಾಟದಲ್ಲಿ. ಎದೆಯ ಸ್ನಾಯುಗಳು ಸೋತು, ಹೊಟ್ಟೆ ಮಾತ್ರ ಏರಿಳಿಯುತ್ತಿದ್ದರೆ ಕಾಯಬೇಡಿ. ನಿಮ್ಮ ಊರಿನಲ್ಲೇ ಟೆನೆಸ್ಸಿ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಇವತ್ತೇ ಕರೆದೊಯ್ಯಿರಿ. ಈ ಕಾಯಿಲೆಗೆ ಸ್ಟೀರಾಯ್ಡಿನಿಂದ ಪ್ರಯೋಜನವಿಲ್ಲ, ಆದ್ದರಿಂದ ಯಾರಾದರೂ ಮನೆಯಲ್ಲಿ ಉಳಿದ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬೇಡಿ. ವಾಸಿಮಾಡುವುದು ಆರೈಕೆ: ದಪ್ಪ ಹಾಸಿಗೆ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ತಲೆ ಎತ್ತಿ ಹಿಡಿದು ಊಟ ಮತ್ತು ನೀರು, ಒದ್ದೆಯಾಗದಂತೆ ಒರೆಸುವುದು, ಕೀಲುಗಳನ್ನು ಮೆತ್ತಗೆ ಆಡಿಸುವುದು. ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಹಿಡಿಯುತ್ತದೆ, ಬಹುತೇಕ ನಾಯಿಗಳು ಎದ್ದೇಳುತ್ತವೆ. ಗುಣವಾಗಬಲ್ಲ ಎಷ್ಟೋ ನಾಯಿಗಳನ್ನು ಎರಡನೇ ದಿನವೇ ಕೊಂದುಬಿಡುವುದನ್ನು ಈ ವೃತ್ತಿಯಲ್ಲಿ ನೋಡಿ ನೊಂದಿದ್ದೇನೆ.

ಅಯೋವಾದ ಸದಸ್ಯರು: ನಮ್ಮ ನಾಯಿಗೂ ಆರು ತಿಂಗಳಿಂದ ಹಿಂಗಾಲು ಎಳೆತ. ವಯಸ್ಸು 11. ಇದೂ ಅದೇ ಕಾಯಿಲೆಯೆ?

ಪಶುವೈದ್ಯರು: ಅಲ್ಲ. ಬೆನ್ನು ಮತ್ತು ಸೊಂಟದ ಎಕ್ಸ್‌-ರೇ ಮಾಡಿಸಿ.

ಮಿಸ್ಸೂರಿಯ ಸದಸ್ಯೆ: ರಕೂನಿನ ಕಡೆಗೇ ಹೋಗದ ನಗರದ ನಾಯಿಗೂ ಈ ಪಾರ್ಶ್ವವಾಯು ಬರಬಹುದೆ?

ಪಶುವೈದ್ಯರು: ಹೌದು, ಇದೇ ಬಗೆಯ ನರದ ಕಾಯಿಲೆ ರಕೂನುಗಳಿಲ್ಲದ ಆಸ್ಟ್ರೇಲಿಯಾದಲ್ಲೂ ಇದೆ. ಹಸಿ ಕೋಳಿಮಾಂಸ ತಿನ್ನುವ ನಾಯಿಗಳಲ್ಲಿ ಇದರ ಅಪಾಯ ಹೆಚ್ಚು ಎಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತೋರಿಸಿದರು. ಹಸಿ ಕೋಳಿ ‘ಸಹಜ ಆಹಾರ’ ಎಂಬ ಸಂದೇಶ ಈ ಗುಂಪಿನಲ್ಲೇ ಹರಿದಾಡುತ್ತಿರುವುದನ್ನು ಕಂಡೆ, ದಯವಿಟ್ಟು ನಿಲ್ಲಿಸಿ.

ಜಾರ್ಜಿಯಾದ ಸದಸ್ಯರು: ಕಜ್ಜಿಗೆ ಹಳೆಯ ಎಂಜಿನ್ ಆಯಿಲ್ ಹಚ್ಚಿದರೆ ಸಾಕೆಂದು ಇಲ್ಲಿನ ಹಳೆಯ ಬೇಟೆಗಾರರು ಹೇಳುತ್ತಾರೆ. ನಮ್ಮ ಕಡೆ ಸೀಮೆಎಣ್ಣೆ ಮತ್ತು ಬೇವು.

ಪಶುವೈದ್ಯರು: ಎಂಜಿನ್ ಆಯಿಲ್ ಬೇಡ, ಸೀಮೆಎಣ್ಣೆಯೂ ಬೇಡ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಅದೆಲ್ಲ ಹೊಟ್ಟೆಗೆ ಹೋಗುತ್ತದೆ. ಚರ್ಮವನ್ನು ಕೆರೆದು ನೋಡುವ ಪರೀಕ್ಷೆ ಹತ್ತು ನಿಮಿಷದ ಕೆಲಸ.

ಇಂಡಿಯಾನಾದ ಸದಸ್ಯೆ: ಹಿತ್ತಲಿನ ಮರದ ದಿಮ್ಮಿಯ ಮೇಲೆ ರಕೂನುಗಳು ದಿನವೂ ಅದೇ ಜಾಗದಲ್ಲಿ ಮಲ ಹಾಕುತ್ತವೆ. ನಮ್ಮ ರೆಡ್‌ಬೋನ್ ನಾಯಿ ಅಲ್ಲೇ ಮೂಸುತ್ತದೆ. ಎರಡು ವರ್ಷದ ಮಗಳ ಮರಳಿನ ಪೆಟ್ಟಿಗೆ ಅಲ್ಲಿಂದ ಐದಾರು ಅಡಿ ದೂರದಲ್ಲಿದೆ.

ಪಶುವೈದ್ಯರು: ಇದು ನಾಯಿಗಿಂತ ಮಗುವಿನ ವಿಷಯ, ಗಂಭೀರವಾಗಿ ಓದಿ. ರಕೂನಿನ ಕರುಳಿನಲ್ಲಿ ಬೇಲಿಸಾಸ್ಕರಿಸ್ ಎಂಬ ದುಂಡುಹುಳು ಇರುತ್ತದೆ. ಅದರ ಮೊಟ್ಟೆಗಳು ಮಲದಲ್ಲಿ ಬಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ಸೋಂಕಿಗೆ ಸಿದ್ಧವಾಗುತ್ತವೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಬ್ಲೀಚಿಗೂ ಸಾಯುವುದಿಲ್ಲ. ಮಗು ಆ ಮಣ್ಣನ್ನು ಬಾಯಿಗೆ ಹಾಕಿದರೆ ಮರಿಹುಳುಗಳು ಮಿದುಳಿಗೆ ಹೋಗಬಹುದು. ಮರಳನ್ನು ಇಂದೇ ತೆಗೆದುಹಾಕಿ, ಪೆಟ್ಟಿಗೆಗೆ ಮುಚ್ಚಳ ಮಾಡಿಸಿ. ಕೈಗವಸು ಮತ್ತು ಮುಖಗವಸು ಧರಿಸಿ ಮಲವನ್ನು ಚೀಲದಲ್ಲಿ ಕಟ್ಟಿ, ಆ ಜಾಗಕ್ಕೆ ಕುದಿಯುವ ನೀರನ್ನು ಧಾರಾಳವಾಗಿ ಸುರಿಯಿರಿ. ಮಗು ಮಣ್ಣು ತಿಂದಿದ್ದಾಳೆಂಬ ಸಂದೇಹ ಕಿಂಚಿತ್ತಿದ್ದರೂ ಮಕ್ಕಳ ವೈದ್ಯರಿಗೆ ಈಗಲೇ ಫೋನ್ ಮಾಡಿ, ಹುಳುವಿನ ಹೆಸರನ್ನು ಹೇಳಿ. ಲಕ್ಷಣ ಕಾಣಿಸಿಕೊಳ್ಳುವವರೆಗೆ ಕಾದರೆ ತಡವಾಗುತ್ತದೆ. ನಾಯಿಯ ಮಲವನ್ನೂ ಪರೀಕ್ಷೆ ಮಾಡಿಸಿ, ನಾಯಿಯಲ್ಲೂ ಈ ಹುಳು ಬೆಳೆಯಬಲ್ಲದು.

ವರ್ಜೀನಿಯಾದ ಜಮೀನುದಾರರು: ಇಲ್ಲಿ ಬೇಟೆಗಾರರ ನಾಯಿಗಳ ಬಗ್ಗೆ ಮಾತ್ರ ಕನಿಕರ ಕಾಣುತ್ತಿದೆ. ನಮಗೆ ಚಾರ್ಲೊಟ್ಸ್‌ವಿಲ್ ಬಳಿ 12 ಎಕರೆ ಇದೆ. ರಾತ್ರಿ ಒಂದು ಗಂಟೆಗೆ ನಾಲ್ಕು ನಾಯಿಗಳು ಬೇಲಿ ನುಗ್ಗಿ ಬಂದು ಕೋಳಿಗೂಡಿನ ಪಕ್ಕದಲ್ಲಿ ಬೊಗಳಿದವು, ಹಿಂದೆಯೇ ಟಾರ್ಚ್ ಹಿಡಿದ ಅಪರಿಚಿತರು ಬಂದರು. ಪ್ರವೇಶ ನಿಷೇಧದ ಫಲಕವಿದ್ದರೂ ಅವರಿಗೆ ಕಾನೂನಿನ ರಕ್ಷಣೆ ಇದೆಯಂತೆ. ಇದು ಯಾವ ನ್ಯಾಯ?

ರೋನೋಕ್‌ನ ಸದಸ್ಯರು: ಕಾನೂನನ್ನು ಪೂರ್ತಿ ಓದಿ. ವರ್ಜೀನಿಯಾದಲ್ಲಿ ನರಿ ಮತ್ತು ರಕೂನ್ ಬೇಟೆಗಾರರು ನಿಷೇಧಿತ ಜಮೀನಿನೊಳಕ್ಕೂ ತಮ್ಮ ನಾಯಿಗಳ ಹಿಂದೆ ಹೋಗಬಹುದು. ಆದರೆ ಅಲ್ಲಿ ಬಂದೂಕು ಹಿಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಒಡೆಯ ಕೇಳಿದಾಗ ಗುರುತು ಹೇಳಲೇಬೇಕು. ನಾನು ನಾಯಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟುತ್ತೇನೆ, ಬೇಟೆಗೆ ಮುಂಚೆ ಮನೆಮನೆಗೆ ಹೋಗಿ ಅನುಮತಿ ಕೇಳುತ್ತೇನೆ. ಮೊದಲು ಒಬ್ಬ ರೈತನನ್ನು ಕೇಳಿದರೆ ಇಡೀ ಕಣಿವೆ ಸಿಗುತ್ತಿತ್ತು. ಈಗ ಅದೇ ಕಣಿವೆ ಐದೈದು ಎಕರೆಯ ತುಂಡುಗಳಾಗಿದೆ, ಉಳಿದ ಕಾಡನ್ನು ಜಿಂಕೆ ಬೇಟೆಯವರು ಗುತ್ತಿಗೆಗೆ ಹಿಡಿದಿದ್ದಾರೆ. ಎಲ್ಲಿಗೆ ಹೋಗಬೇಕು?

ನ್ಯೂಜೆರ್ಸಿಯ ಸದಸ್ಯೆ: ಎಲ್ಲಿಗೂ ಹೋಗಬೇಡಿ. ಬಾಯಿಲ್ಲದ ಪ್ರಾಣಿಯನ್ನು ಮರ ಹತ್ತಿಸಿ ಹೆದರಿಸುವುದನ್ನು ಕ್ರೀಡೆ ಎನ್ನಲು ನಿಮಗೆ ಸಂಕೋಚವಾಗುವುದಿಲ್ಲವೆ?

ರೋನೋಕ್‌ನ ಸದಸ್ಯರು: ತಿಳಿಯದೆ ಮಾತನಾಡಬೇಡಿ. ನಾಯಿ ತಳಿಗಳ ನೋಂದಣಿ ಸಂಸ್ಥೆಯಾದ ಯುನೈಟೆಡ್ ಕೆನಲ್ ಕ್ಲಬ್‌ನ ರಾತ್ರಿ ಸ್ಪರ್ಧೆಗಳಲ್ಲಿ ರಕೂನನ್ನು ಕೊಲ್ಲುವುದೇ ಇಲ್ಲ. ಮೊದಲು ವಾಸನೆ ಹಿಡಿದು ದನಿ ಎತ್ತಿದ ನಾಯಿಗೆ 100 ಅಂಕ, ಮೊದಲು ಮರ ತೋರಿಸಿದ್ದಕ್ಕೆ 125 ಅಂಕ. ನೋಡಿ, ಅಂಕ ಬರೆದುಕೊಂಡು, ಬಿಟ್ಟು ಬರುತ್ತಾರೆ. ಅಲಬಾಮಾದಲ್ಲಿ 1937ರಿಂದ ಕೂನ್‌ಹೌಂಡ್‌ಗಳಿಗೆಂದೇ ಸ್ಮಶಾನವಿದೆ, ನಾಯಿಗೆ ಅಷ್ಟು ಗೌರವ ಕೊಡುವ ಜನ ಇವರು.

ನ್ಯೂಜೆರ್ಸಿಯ ಸದಸ್ಯೆ: ನಾಯಿಗೆ ಗೌರವ, ರಕೂನಿಗೆ ನರಕ.

ವರ್ಜೀನಿಯಾದ ಜಮೀನುದಾರರು: ಬಂದವರಲ್ಲಿ ಒಬ್ಬರೂ ಹೆಸರು ಹೇಳಲಿಲ್ಲ. ನಿಮ್ಮ ಸಂಭಾವಿತಿಕೆಯ ಪಾಠವನ್ನು ಅವರಿಗೆ ಹೇಳಿ.

ಪಶುವೈದ್ಯರು: ಬೇಟೆ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಲು ನಾನು ಇಲ್ಲಿಗೆ ಬಂದಿಲ್ಲ. ಆದರೆ ಕಾಡು ತುಂಡಾದುದರ ಪರಿಣಾಮ ಬಂದು ಮಲಗುವುದು ನನ್ನ ಮೇಜಿನ ಮೇಲೆ. ವಾಸನೆಯ ಜಾಡಿನಲ್ಲಿರುವ ನಾಯಿಗೆ ಬೇಲಿಯೂ ಕಾಣುವುದಿಲ್ಲ, ಹೆದ್ದಾರಿಯೂ ಕಾಣುವುದಿಲ್ಲ. ರಕೂನಿನ ಹಲ್ಲಿಗಿಂತ ವಾಹನಗಳಿಂದ ಸತ್ತ ಕೂನ್‌ಹೌಂಡ್‌ಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಜಿಪಿಎಸ್ ಪಟ್ಟಿ ನಾಯಿ ಎಲ್ಲಿದೆ ಎಂದು ಹೇಳುತ್ತದೆ, ಲಾರಿಯನ್ನು ನಿಲ್ಲಿಸುವುದಿಲ್ಲ. ಇನ್ನೊಂದು ಕಡೆ, 1980ರ ದಶಕದ ಕೊನೆಯಲ್ಲಿ ತುಪ್ಪಳದ ಬೆಲೆ ಕುಸಿದ ಮೇಲೆ ಚರ್ಮಕ್ಕಾಗಿ ಬೇಟೆಯಾಡುವವರು ಕಡಿಮೆಯಾದರು. ಬೇಟೆಗಾರರಿಗೆ ವಯಸ್ಸಾಯಿತು, ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು, ರಾತ್ರಿಯಿಡೀ ಹಳ್ಳದಲ್ಲಿ ನಡೆಯಲಾರರು. ರಕೂನುಗಳು ಊರೊಳಗೆ ಕಸದ ಡಬ್ಬಿಯ ಸುತ್ತ ಒತ್ತೊತ್ತಾಗಿ ಬದುಕುತ್ತಿವೆ, ಅಂಥಲ್ಲಿ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬೇಗ ಹರಡುತ್ತದೆ. ನಾಯಿಗಳಿಗೆ ಡಿಸ್ಟೆಂಪರ್ ಮತ್ತು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆ ತಪ್ಪಿಸಬೇಡಿ.

ರೋನೋಕ್‌ನ ಸದಸ್ಯರು: ನಮ್ಮ ಕ್ಲಬ್ಬಿನ ಕಾಡಿನಲ್ಲಿ ರಕೂನುಗಳೇ ಇಲ್ಲ. ಬೇರೆ ಜಿಲ್ಲೆಯಿಂದ ಹಿಡಿದು ತಂದು ಬಿಡೋಣವೆಂದು ಕೆಲವರು ಹೇಳುತ್ತಿದ್ದಾರೆ.

ಪಶುವೈದ್ಯರು: ಬಿಡಬೇಡಿ. ಇದನ್ನು ನಿಮ್ಮ ಕ್ಲಬ್ಬಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. 1970ರ ದಶಕದಲ್ಲಿ ಬೇಟೆಗೆಂದು ಆಗ್ನೇಯ ರಾಜ್ಯಗಳಿಂದ ತಂದು ಬಿಟ್ಟ ರಕೂನುಗಳ ಜೊತೆಯಲ್ಲೇ ರಕೂನ್ ರೇಬೀಸ್ ವರ್ಜೀನಿಯಾ ಮತ್ತು ವೆಸ್ಟ್ ವರ್ಜೀನಿಯಾದ ಗಡಿಗೆ ಬಂತು. ಅಲ್ಲಿಂದ ಅದು ಉತ್ತರಕ್ಕೆ ನ್ಯೂ ಇಂಗ್ಲೆಂಡಿನವರೆಗೆ ಹಬ್ಬಿತು. ಅದು ಪಶ್ಚಿಮಕ್ಕೆ ದಾಟದಿರಲೆಂದು ಇಂದಿಗೂ ಸರ್ಕಾರ ರಕೂನುಗಳು ತಿನ್ನಲೆಂದು ವಿಮಾನದಿಂದ ಲಸಿಕೆಯ ಉಂಡೆಗಳನ್ನು ಉದುರಿಸುತ್ತಿದೆ, ಒಹಾಯೊದಲ್ಲೂ ಉದುರಿಸುತ್ತದೆ. ಒಂದು ಋತುವಿನ ಬೇಟೆಗಾಗಿ ಮಾಡಿದ ತಪ್ಪಿಗೆ ಅರ್ಧ ಶತಮಾನ ದಂಡ ಕಟ್ಟುತ್ತಿದ್ದೇವೆ.

ಟೆಕ್ಸಾಸ್‌ನ ಸದಸ್ಯರು: ಊರಿನಿಂದ ಮುಧೋಳ ನಾಯಿಯನ್ನು ತರಿಸಿ ರಕೂನ್ ಬೇಟೆಗೆ ಪಳಗಿಸಬಹುದೆ?

ಅಯೋವಾದ ಸದಸ್ಯರು: ಮುಧೋಳ ಕಣ್ಣಿನಿಂದ ನೋಡಿ ಬಯಲಿನಲ್ಲಿ ಅಟ್ಟುವ ನಾಯಿ. ರಾತ್ರಿ ಕಾಡಿನಲ್ಲಿ ಮೂಗು ಬೇಕು.

ವಿಸ್ಕಾನ್ಸಿನ್‌ನ ಸದಸ್ಯೆ: ಇಲ್ಲಿ ತೋಳಗಳು ಬೇಟೆನಾಯಿಗಳನ್ನು ಕೊಲ್ಲುತ್ತವೆ, ರಾಜ್ಯ ಸರ್ಕಾರ ಒಂದು ನಾಯಿಗೆ 2,500 ಡಾಲರ್‌ವರೆಗೆ ಪರಿಹಾರ ಕೊಡುತ್ತದೆ. ನಾಯಿಗೆ ಕವಚ ತೊಡಿಸಿದರೆ ಉಪಯೋಗವಿದೆಯೆ?

ಜಾರ್ಜಿಯಾದ ಸದಸ್ಯರು: ಪಾರ್ಶ್ವವಾಯುವಿಗೆ ಅರಿಶಿನ ಮತ್ತು ಬೆಳ್ಳುಳ್ಳಿ ಹಾಲು ಮೂರು ದಿನದಲ್ಲಿ ಗುಣ ಕೊಡುತ್ತದೆ ಎಂಬ ಸಂದೇಶ ಬಂದಿದೆ, ಎಲ್ಲರ ಅನುಕೂಲಕ್ಕೆ ಹಾಕುತ್ತಿದ್ದೇನೆ.

ಪಶುವೈದ್ಯರು: ತೆಗೆಯಿರಿ. ಬೆಳ್ಳುಳ್ಳಿಯ ಬಗ್ಗೆ ಮೇಲೆ ಬರೆದಿದ್ದೇನೆ. ನಿರ್ವಾಹಕರೇ, ಇದನ್ನು ಅಳಿಸದಿದ್ದರೆ ನಾನು ಉತ್ತರಿಸುವುದನ್ನು ನಿಲ್ಲಿಸುತ್ತೇನೆ.

ಜಾರ್ಜಿಯಾದ ಸದಸ್ಯರು: ಒಳ್ಳೆಯದಕ್ಕೆ ಹಾಕಿದೆ. ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ನಿರ್ವಾಹಕರು: ಸಂದೇಶವನ್ನು ಅಳಿಸಲಾಗಿದೆ. ಬೇಟೆಯ ಪರ ಮತ್ತು ವಿರೋಧದ ವಾದವನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸಿ.

ಕೆಂಟಕಿಯ ಸದಸ್ಯೆ: ವಾಸನೆಯ ಆಟ ಆಡಿಸಿದರೂ ಮರದ ಕೆಳಗೆ ಬೊಗಳುತ್ತಲೇ ಇದೆ.

ಪಶುವೈದ್ಯರು: ನಾಲ್ಕು ದಿನ ಸಾಲದು.

ನಾಕ್ಸ್‌ವಿಲ್‌ನ ಸದಸ್ಯರು: ಡಾಕ್ಟರೇ, ಉಣ್ಣೆ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಮೂರು ರಾತ್ರಿ ಇಟ್ಟುಕೊಂಡು, ನೀವು ಹೇಳಿದ ಕಾಯಿಲೆಯೇ ಎಂದರು. ಉಸಿರಾಟ ಸೋಲಲಿಲ್ಲ, ನಿನ್ನೆ ಮನೆಗೆ ತಂದೆವು. ಕತ್ತು ಇನ್ನೂ ನಿಲ್ಲುತ್ತಿಲ್ಲ. ಕಚ್ಚಾಟದ ದಿನ ಪೂರಕ ಲಸಿಕೆ ಹಾಕಿಸಿರಲಿಲ್ಲ, ಅದು ನನ್ನ ತಪ್ಪು. ರೇಬೀಸಿನ ಬಗ್ಗೆ ನಿಗಾ ಹೇಗಿರಬೇಕೆಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ. ಪಕ್ಕದ ಮನೆಯ ಹಿರಿಯರು ದಿನಕ್ಕೆ ಎರಡು ಸಲ ಬಂದು ಮಗ್ಗುಲು ಬದಲಿಸುತ್ತಾರೆ, ಅವರು ಕಣ್ಣೀರು ಹಾಕಿದ್ದನ್ನು ನಾನು ಮೊದಲ ಸಲ ನೋಡಿದೆ. ಗುಣವಾದ ಮೇಲೆ ಮತ್ತೆ ಬೇಟೆಗೆ ಕರೆದೊಯ್ಯಬಹುದೆ ಎಂದು ಅವರು ಕೇಳುತ್ತಿದ್ದಾರೆ.

ಪಶುವೈದ್ಯರು: ನೀವು ಕರೆದೊಯ್ದದ್ದು ಬಹಳ ಒಳ್ಳೆಯದಾಯಿತು. ಬೇಟೆಗೆ ಬೇಡ. ಒಮ್ಮೆ ಬಂದು ಹೋದ ಮಾತ್ರಕ್ಕೆ ಈ ಕಾಯಿಲೆಯಿಂದ ರಕ್ಷಣೆ ಸಿಗುವುದಿಲ್ಲ, ಮತ್ತೊಂದು ಕಚ್ಚಾಟದಲ್ಲಿ ಮರುಕಳಿಸಬಹುದು, ಆಗ ಎದೆ ಸೋಲುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ಆ ಹಿರಿಯರಿಗೆ ನನ್ನ ಪರವಾಗಿ ಹೇಳಿ, ಅವರಿಗೆ ಆ ನಾಯಿಯ ದನಿ ಬೇಕಿದ್ದರೆ, ಕಾಲು ಬಂದ ಮೇಲೆ ಹಗಲಿನಲ್ಲಿ ಹಗ್ಗ ಕಟ್ಟಿ, ಕೃತಕ ವಾಸನೆಯ ಜಾಡಿನ ಮೇಲೆ ನಡೆಸಲಿ. ಮರದ ಬುಡದಲ್ಲಿ ಅದು ಖಂಡಿತ ಬೊಗಳುತ್ತದೆ. ಈಗ ಮುಖ್ಯವಾದದ್ದು, ಮಲಗಿದಲ್ಲೇ ಸೊಂಟ ಮತ್ತು ಮೊಣಕೈಯಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು. ರಾತ್ರಿ ಎರಡು ಗಂಟೆಯ ಮಗ್ಗುಲನ್ನು ಯಾರು ಬದಲಿಸುತ್ತೀರಿ ಎಂದು ಇಬ್ಬರೂ ಹಂಚಿಕೊಳ್ಳಿ, ಮೊಣಕೈಗಳ ಫೋಟೋ ತೆಗೆದು ನಾಳೆ ನನಗೆ ಕಳಿಸಿ.