ಅಪ್ಪನ ತತ್ವಪದ ಮನ್ಯಾಗ ರೆಕಾರ್ಡ್ ಮಾಡಲಿಕ್ಕ ಯಾವ ಕಂಪ್ಯೂಟರ್ ತಗೊಳ್ಲಿ?

ಕೇಳಿದವರು, ಕಲಬುರಗಿ:
ನಮ್ಮ ಅಪ್ಪಾರು ಹಾರ್ಮೋನಿಯಂ ಬಾರಿಸ್ಕೊಂತ ತತ್ವಪದ ಹಾಡ್ತಾರ. ವಯಸ್ಸು 70 ದಾಟ್ಯದ. ದನಿ ಗಟ್ಟಿ ಇರೋತನಕ ಎಲ್ಲಾ ಪದ ರೆಕಾರ್ಡ್ ಮಾಡಿ ಇಡಬೇಕಂತ ಆಸೆ. ಎಲ್ಲಾ ಸೇರಿ 40 ಸಾವಿರ ಅದ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಇರೋ ಗೇಮಿಂಗ್ ಲ್ಯಾಪ್‌ಟಾಪೇ ಬೇಕಂತಾರ. ಖರೇನಾ? ಅನುಭವ ಇದ್ದವರು ಹೇಳ್ರಿ.

ಸೇಡಂನಿಂದ:
ತಮ್ಮಾ, ಗ್ರಾಫಿಕ್ಸ್ ಕಾರ್ಡಿಗಿ ಒಂದು ರೂಪಾಯಿನೂ ಹಾಕಬ್ಯಾಡ. ದನಿ ಕೆಲಸಕ್ಕ ಅದು ಬೇಕಾಗಲ್ಲ. ನಾ ಹೈದರಾಬಾದಿಗಿ ಹೋಗಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ತಂದೆ, 20 ಸಾವಿರದೊಳಗ ಬಂತು. ಪ್ರೊಸೆಸರ್ 8ನೇ ಜನರೇಷನ್ ಐ5. ಇಂಟೆಲ್‌ದಾಗ ಅದಕ್ಕಿಂತ ಹಳೇದು ಅಗ್ಗ ಸಿಕ್ರೂ ಬಿಟ್ಟುಬಿಡು. ವಿಂಡೋಸ್ 11ಕ್ಕ ನಡಿಯಂಗಿಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗದದ. ರ‍್ಯಾಮ್ 8 ಇದ್ದದ್ದು 16 ಜಿಬಿ ಮಾಡ್ಸಿದೆ, ಎಸ್‌ಎಸ್‌ಡಿ ಹಾಕ್ಸಿದೆ. ಜಾಗದ ಚಿಂತಿ ಬ್ಯಾಡ. ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಇಟ್ರ ಒಂದು ಮೈಕಿಂದು ತಾಸಿಗಿ ಸುಮಾರು 520 ಎಂಬಿ ಅಷ್ಟೇ.

ಉಳಿದ ರೊಕ್ಕ ಎರಡು ಮೈಕ್ ಕೂಡೋ ಆಡಿಯೋ ಇಂಟರ್‌ಫೇಸಿಗಿ ಇಡು. ಮೈಕಿನ ದನಿ ಕಂಪ್ಯೂಟರಿಗಿ ಕಳಿಸೋ ಡಬ್ಬಿ ಅದು. ಒಂದು ಮೈಕ್ ಅಪ್ಪಾರ ದನಿಗಿ, ಒಂದು ಹಾರ್ಮೋನಿಯಂಗ. ಆ ಡಬ್ಬಿದೇ ಅಸಿಯೋ (ASIO) ಡ್ರೈವರ್, ಅಂದ್ರ ದನಿಯ ತಡ ಕಮ್ಮಿ ಮಾಡೋ ಸಾಫ್ಟ್‌ವೇರ್, ಇರಬೇಕು. ಬಫರ್, ಅಂದ್ರ ಕಂಪ್ಯೂಟರ್ ಒಂದು ಸಲಕ್ಕ ಕೂಡಿಟ್ಟು ಕಳಿಸೋ ದನಿ ತುಣುಕು (ಸ್ಯಾಂಪಲ್), 128 ಇಟ್ರ ಬರೇ ಅದರ ತಡ ಸುಮಾರು 3 ಮಿಲಿಸೆಕೆಂಡ್. 1024ಕ್ಕ ಏರಿಸಿದ್ರ 20 ದಾಟ್ತದ, ಹೆಡ್‌ಫೋನಿನ್ಯಾಗ ತಮ್ಮ ದನಿ ತಮಗೇ ಹಿಂದ ಬಿದ್ದಂಗ ಕೇಳಿ ಹಾಡವರ ತಾಳ ತಪ್ತದ. ಮಿಕ್ಸ್ ಮಾಡುವಾಗ ಬೇಕಾದ್ರ ಏರಿಸ್ಕೊ. ಸಾಫ್ಟ್‌ವೇರ್ ರೀಪರ್ ನೋಡು, 60 ದಿನ ಪುಕ್ಕಟ ನಡೆಸಬಹುದು.

ಹುಮನಾಬಾದಿನಿಂದ:
ಡೆಸ್ಕ್‌ಟಾಪ್ ಬ್ಯಾಡ್ರಿ. ನಾ ಅದೇ ಮಾಡಿದ್ದೆ. ನಮ್ಮ ಸೋದರಮಾವ ಒಂದು ಪದ ಭಾಳ ಛಲೋ ಹಾಡ್ಲಿಕತ್ತಿದ್ರು, ಕಡೀ ನುಡಿಗಿ ಕರೆಂಟ್ ಹೋಯ್ತು. ಮತ್ತ ಹಾಡಿದ್ರು ಖರೆ, ಆ ಸೊಗಸು ಬರಲಿಲ್ಲ. ಈಗ ಲ್ಯಾಪ್‌ಟಾಪ್ ಅದ. ಅದರಾಗೂ ಮೊದಲ ದಿನ ಹಿಂದ 'ಗುಂಯ್' ಅಂತ ಸಪ್ಪಳ ಬರ್ತಿತ್ತು. ಮೈಕ್ ಬದಲಿ ಮಾಡಿದೆ, ಕೇಬಲ್ ಬದಲಿ ಮಾಡಿದೆ. ಕಡೀಕ ಚಾರ್ಜರ್ ಕಿತ್ತಿದ ಕೂಡಲೇ ನಿಂತುಬಿಟ್ತು. ಮನಿ ಅರ್ಥಿಂಗ್ ಸರಿ ಇರಲಿಲ್ಲ. ಆವಾಗಿಂದ ಬ್ಯಾಟರಿ ಮ್ಯಾಲೇ ರೆಕಾರ್ಡಿಂಗ್. ಹಳೇ ಲ್ಯಾಪ್‌ಟಾಪ್ ತಗೊಳ್ಳುವಾಗ ಬ್ಯಾಟರಿ ಎಷ್ಟು ತಾಸು ಬರ್ತದ, ಅಂಗಡ್ಯಾಗೇ ಕೂತು ನೋಡ್ರಿ.

ಸುರಪುರದಿಂದ:
ನಿಮ್ಮ ಮನಿ ನೆಲ ಶಹಾಬಾದ್ ಕಲ್ಲಿಂದೇನು? ನಮ್ದೂ ಅದೇ. ಎಷ್ಟು ಛಲೋ ಮೈಕ್ ಇದ್ರೂ ಬಾವ್ಯಾಗ ಹಾಡಿದಂಗ ಕೇಳ್ತದ. ನೆಲಕ್ಕ ಜಮಖಾನಿ ಹಾಸಿ, ಹಾಡವರ ಹಿಂದ ಹಗ್ಗ ಕಟ್ಟಿ ಎರಡು ಕೌದಿ ಇಳಿಬಿಟ್ವಿ, ದನಿ ಹತ್ತಿರ ಬಂತು. ದನಿಗಿ ಸ್ಟೇಜ್ ಮ್ಯಾಲ ಹಿಡಿಯೋ ಅಂಥ ಡೈನಾಮಿಕ್ ಮೈಕೇ ಸಾಕು, ಬಾಯಿ ಸಮೀಪ ಇಟ್ರ ಕೋಣಿ ಸಪ್ಪಳ ಕಮ್ಮಿ ಹಿಡೀತದ. ಬ್ಯಾಸಗ್ಯಾಗ ಫ್ಯಾನ್ ಬಂದ್ ಮಾಡಿ ಕೂಡೋದೇ ಕಷ್ಟ, ಲ್ಯಾಪ್‌ಟಾಪಿನ ಫ್ಯಾನೂ ಜೋರಾಗ್ತದ. ನಸುಕಿನ್ಯಾಗೇ ಮುಗಸ್ರಿ.

ಕೇಳಿದವರು:
ನೆಲ ಶಹಾಬಾದ್ ಕಲ್ಲೇ ರಿ. ಅಪ್ಪಾರು ಹಾಡೋದೂ ನಸುಕಿನ್ಯಾಗೇ. ಅವ್ವನ ಕೌದಿ ಇವತ್ತೇ ಕೇಳ್ತೀನಿ. ರವಿವಾರ ಹೈದರಾಬಾದಿಗಿ ಹೊಂಟೀನಿ.